ಐದು ತಿಂಗಳಿಂದ ಕಲೆಯಿಲ್ಲದ ಬಟ್ಟೆ

ಹಲೋ… ಹಲೋ, ಯಾರು ಮಾತಾಡ್ತಿರೋದು? … ಹಾಂ? ಯಾವ ಆಸ್ಪತ್ರೆ? … ಓ, ನೀನಾ! ನಿನ್ನ ಡ್ಯೂಟಿ ವಾರ್ಡಿನ ಫೋನಿಂದ ಮಾಡಿದ್ಯಾ? ನಂಬರ್ ನೋಡಿ ಯಾರೋ ಅಂದ್ಕೊಂಡೆ ಕಣೇ ತಂಗಿ.

… ಗೊತ್ತಿತ್ತು ಬಿಡು. ನಿನ್ನೆ ಮನೆ ಬಿಟ್ಟು ಓಡಿದ್ಲಲ್ಲ, ಚಿಕ್ಕಮ್ಮನ ಸೆರಗು ಬಿಟ್ರೆ ಇನ್ನೆಲ್ಲಿಗೆ ಹೋಗ್ತಾಳೆ ನಮ್ಮ ಜಿಂಕೆ? ಬಾಯಿ ಬಿಟ್ಲಾ? ಯಾರವನು ಅಂತ ಹೇಳಿದ್ಲಾ?

… ಹೌದು, ಹೊಡೆದೆ! ಹೊಡೀದೆ ಮುದ್ದಾಡ್ಲಾ? ಊರವರ ಬಟ್ಟೆ ಒಗೆದು ಇಸ್ತ್ರಿ ಮಾಡೋಳು ನಾನು. ಕಲೆ ನೋಡಿ ಯಾರ ಮನೇಲಿ ಏನು ನಡೀತಿದೆ ಅಂತ ಹೇಳ್ತೀನಿ. ನನ್ನ ಮಗಳ ಬಟ್ಟೇಲಿ ಐದು ತಿಂಗಳಿಂದ ಒಂದು ಹನಿ ಕಲೆ ಇಲ್ಲ. ಐದು ತಿಂಗಳು! ಮುಟ್ಟು ಯಾಕೆ ನಿಂತಿದೆ ಅಂದ್ರೆ ನೆಲ ನೋಡ್ತಾಳೆ. ಇನ್ನೇನು ಅಂದ್ಕೋಬೇಕು?

… ಬಟ್ಟೆ ಬಡಿಯೋ ಕೋಲು ಕೈಗೆ ಸಿಕ್ತು, ಬಾರಿಸಿದೆ. ಎಷ್ಟು ಅಂತ ಯಾರು ಎಣಿಸ್ತಾರೆ?

… ಕೇಳಿಲ್ಲಿ. ಅವನ್ಯಾರು ಅಂತ ನಂಗೆ ಗೊತ್ತು. ಆ ಓಟದ ಮೇಷ್ಟ್ರೇ. ಬೆಳಗ್ಗೆ ಸಂಜೆ ಮೈದಾನಕ್ಕೆ ಬಾ ಬಾ ಅಂತಿದ್ನಲ್ಲ! ಈಗ ತಾನೇ ಹೋಗಿ ಎಲ್ಲರ ಮುಂದೆ ಅದೇ ಕೋಲಲ್ಲಿ ಬಿಟ್ಟು ಬಂದೆ. ಮೂಗಿಂದ ಬಳಬಳ ರಕ್ತ. ಸೀಟಿ ಒಂದು ಕಡೆ, ಹಲ್ಲು ಒಂದು ಕಡೆ. ಪೊಲೀಸ್ರು ಬರ್ಲಿ, ಅವರಿಗೂ ಹೇಳ್ತೀನಿ.

… ಏನು? … ಇನ್ನೊಂದ್ಸಲ ಹೇಳು. … ಬಸುರಿ ಅಲ್ವಾ?

… ಸರಿಯಾಗಿ ನೋಡಿದ್ರಾ? … ಎರಡು ಸಲಾನಾ? … ಸ್ಕ್ಯಾನಿಂಗಲ್ಲೂ ಏನಿಲ್ವಾ? … ಮತ್ತೆ ಮುಟ್ಟು ಯಾಕೆ ನಿಲ್ತು? ಥೈರಾಯ್ಡಾ? … ಅದೂ ಅಲ್ವಾ? ಗಡ್ಡೆಗಿಡ್ಡೆ?

… ತಿನ್ನದೇನಾ? ದಿನಾ ಡಬ್ಬಿ ಕಟ್ಟಿ ಕೊಡ್ತೀನಲ್ಲೇ! … ನಾಯಿಗೆ ಹಾಕ್ತಿದ್ಲಾ? … ತೂಕ ಇಳೀದಿದ್ರೆ ತಂಡದಿಂದ ಕಿತ್ತಾಕ್ತೀನಿ ಅಂದ್ನಂತಾ, ಆ ಮೇಷ್ಟ್ರು? … ಎರಡು ಹೊತ್ತು ಓಟ, ಹೊಟ್ಟೇಲಿ ಬರೀ ನೀರು… ಹೂಂ. … ಮೈಗೇ ಸಾಲ್ದಿರೋವಾಗ ಮುಟ್ಟು ಎಲ್ಲಿಂದ ಬರುತ್ತೆ ಅಂದ್ರಾ ಡಾಕ್ಟರಮ್ಮ? … ಹೂಂ.

… ಸರಿ, ಅವನಿಗೆ ಬಿದ್ದಿದ್ದಕ್ಕೆ ಒಂದು ಕಾರಣ ಸಿಕ್ತು. … ಇವಳಿಗೆ ಬಿದ್ದಿದ್ದಕ್ಕೆ?

… ಇಲ್ಲಮ್ಮಾ, ಇಲ್ಲಮ್ಮಾ ಅಂತಾನೇ ಇದ್ಲು ಕಣೇ. ಅಂದಷ್ಟೂ ಜೋರಾಗಿ ಬಾರಿಸಿದೆ. ಹೊಟ್ಟೆ ಮೇಲೆ ಬೀಳುತ್ತೆ ಅಂತ ಕೈ ಅಡ್ಡ ತಂದ್ಲು. ನೋಡು, ಹೊಟ್ಟೇಲಿರೋದನ್ನ ಕಾಪಾಡ್ತಿದ್ದಾಳೆ ಅಂದ್ಕೊಂಡು ಆ ಕೈ ಮೇಲೇ ಹಾಕಿದೆ.

… ಎರಡು ಕಡೆ ಮುರಿದಿದೆಯಾ? … ಬಲಗೈನಾ? … ಅಯ್ಯೋ, ನನ್ನ ಕೈಗೆ ಹುಳ ಬೀಳ!

… ಅವಳಿಗೆ ಕೊಡೇ ಫೋನು. ದಮ್ಮಯ್ಯ ಅಂತೀನಿ. ಮಾತಾಡ್ದಿದ್ರೆ ಬೇಡ, ಕಿವಿ ಹತ್ರ ಹಿಡಿ ಸಾಕು.

… ಜಿಂಕೆ? … ಮಗಾ, ಅಮ್ಮ. … ಏನಾದ್ರೂ ತಿಂದ್ಯಾ? … ಬೈ, ಬೈದಾದ್ರೂ ಬಿಡು. … ಮನೆಗೆ ಬಾ. ನಾನೇ ತುತ್ತು ಮಾಡಿ ತಿನ್ನಿಸ್ತೀನಿ. ಇನ್ನು ಏನೂ ಕೇಳಲ್ಲ, ಆಯ್ತಾ?

… ಹಾಂ? … ಕೋಲಾ? ಕೋಲು ಎಲ್ಲಿದೆ ಅಂತ ಕೇಳ್ತಿದ್ದೀಯಾ?

… ಅದು… ಮೈದಾನದಿಂದ ಬಂದೆ, ಬಾಗಿಲು ತೆಗೆಯೋ ಹೊತ್ತಿಗೆ ಫೋನ್ ಬಂತು… ಅಯ್ಯೋ. ಕೈಯಲ್ಲೇ ಇದೆ ಮಗಾ. ಇನ್ನೂ ನನ್ನ ಕೈಯಲ್ಲೇ… ಹಲೋ? ಜಿಂಕೆ? … ಹಲೋ…