ಶಾಯಿಮಾವನ ಬಲಗೈ

ದೀಪ ಸ್ವಲ್ಪ ಸಣ್ಣ ಮಾಡಿ, ಹೇಳ್ತೀನಿ. ಇದು ನಮ್ಮ ಪಕ್ಕದ ಮನೆ ಶಾಯಿಮಾವನಿಗೆ ಆದದ್ದು. ಶವಾಗಾರದಲ್ಲಿ ಹೆಣಗಳ ಬೆರಳಿಗೆ ಶಾಯಿ ಹಚ್ಚಿ ಅಚ್ಚು ತೆಗೆಯೋದು ಅವನ ಕೆಲಸ. ಗುರುತು ಸಿಗದ ಹೆಣಕ್ಕೆ ಹೆಸರು ಹುಡುಕಿಕೊಡಬೇಕು. ಅದಕ್ಕೇ ಓಣಿಯವರೆಲ್ಲ ಅವನನ್ನ ಹಾಗೆ ಕರೀತಿದ್ರು.

ಆ ರಾತ್ರಿ ಪಾಳುಬಾವಿ ಪಕ್ಕದ ದಾರಿಯಲ್ಲಿ ಒಬ್ಬನೇ ಮನೆಗೆ ಬರ್ತಿದ್ದ. ಕುಡಿದಿದ್ದ. ಬಲು ಖುಷಿಯಲ್ಲಿದ್ದ. ಯಾಕೆ ಅನ್ನೋದನ್ನ ಮೊದಲು ಕೇಳಿ.

ಅವತ್ತು ಮಧ್ಯಾಹ್ನ ಅವನ ಮೇಜಿನ ಮೇಲೆ ಒಂದು ಹುಡುಗಿಯ ಹೆಣ. ಒಂಬತ್ತು ದಿನ ನೀರಲ್ಲಿದ್ದದ್ದು. ಮುಖ ಅನ್ನೋಕೆ ಏನೂ ಉಳಿದಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಒಬ್ಬ ಅಪ್ಪ. ಮಗಳು ಕಾರ್ಖಾನೆಗೆ ಸೇರುವಾಗ ಬೆರಳೊತ್ತಿದ್ದ ಕಾಗದ ತಂದುಕೊಟ್ಟು, ಬೆಳಗಿನಿಂದ ನೀರೂ ಕುಡೀದೆ ಕೂತಿದ್ದ.

ಅಷ್ಟು ನೆನೆದ ಕೈಯ ಚರ್ಮ ಗವಸಿನ ಹಾಗೆ ಇಡಿಯಾಗಿ ಕಳಚಿಬರುತ್ತೆ. ಅದನ್ನ ತಮ್ಮ ಕೈಗೇ ತೊಟ್ಟು, ಶಾಯಿ ಹಚ್ಚಿ ಒತ್ತಬೇಕು. ಆ ಕೆಲಸದ ರೀತಿಯೇ ಹಾಗೆ. ಶಾಯಿಮಾವ ಹುಡುಗಿಯ ಬಲಗೈ ಚರ್ಮವನ್ನ ತನ್ನ ಬಲಗೈಯ ರಬ್ಬರ್ ಗವಸಿನ ಮೇಲೆ ತೊಟ್ಟ. ಒತ್ತಿದ. ಅಪ್ಪ ಕೊಟ್ಟ ಕಾಗದದ ಪಕ್ಕ ಇಟ್ಟು ನೋಡಿದ... ಗೆರೆಗೆ ಗೆರೆ ಕೂತಿತು. ಅದೇ ಹುಡುಗಿ.

ಅಲ್ಲಿಗೆ ಬಿಟ್ಟಿದ್ದರೆ ಆಗ್ತಿತ್ತು. ಆ ಕೈಯಿಂದಲೇ ನೆಲ ಒರೆಸೋ ಹೆಂಗಸಿನ ಕೆನ್ನೆ ಸವರಿದ. "ಏನಕ್ಕಾ, ನುಣುಪಾಗಿದೆಯಾ?" ಅವಳು ಅಲ್ಲೇ ವಾಂತಿ ಮಾಡಿಕೊಂಡಳು. ಇವನು ಹೊಟ್ಟೆ ಹಿಡಿದು ನಕ್ಕ.

ಹೊರಗೆ ಬಂದಾಗ ಅಪ್ಪ ಎದ್ದು ನಿಂತ.

"ನನ್ನ ಮಗಳೇನಾ ಸಾರ್?"

"ಟೈಮ್ ಮುಗೀತು. ನಾಳೆ ಬಾ."

"ಹೌದೋ, ಅಲ್ವೋ... ಅಷ್ಟು ಹೇಳಿಬಿಡಿ."

"ಒಂಬತ್ತು ದಿನ ಕಾದಿದ್ದೀಯ. ಇನ್ನೊಂದು ರಾತ್ರಿ ಕಾದರೆ ಸಾಯ್ತೀಯಾ?"

ಅದನ್ನೇ ಬಾರಿನಲ್ಲಿ ಹೇಳಿ ಹೇಳಿ, ಎಲ್ಲರನ್ನೂ ನಗಿಸಿ ಬರ್ತಿದ್ದ ಅವನು.

ಬಾವಿ ಹತ್ತಿರ ಬಂತು. ಹಿಂದೆ ಸದ್ದು... ಪಚ್. ಪಚ್. ಒದ್ದೆ ಬರಿಗಾಲು. ಇವನು ನಿಂತ. ಅದೂ ನಿಂತಿತು. ಆಮೇಲೆ ತೊಟ್... ತೊಟ್... ನೀರು ಅವನ ಹೆಗಲ ಮೇಲೇ ಬೀಳ್ತಿತ್ತು. ಯಾರೋ ಮೆಲ್ಲಗೆ ಅವನ ಬಲಗೈ ಹಿಡಿದರು. ತಣ್ಣಗಿನ ಕೈ. ಅದರ ಮೇಲೆ ಚರ್ಮ ಇರಲಿಲ್ಲ.

"ಯಾ... ಯಾರು?"

"ಅಪ್ಪ ಕಾಯ್ತಿದ್ದಾರೆ." ಕಿವಿಯ ಪಕ್ಕದಲ್ಲೇ ಪಿಸುದನಿ. "ಕೈ ಕೊಡಣ್ಣಾ."

"ಅದು ಆಫೀಸಲ್ಲಿದೆ ತಾಯೀ... ನಾಳೆ..."

"ನಾಳೆ ಬೇಡ."

ಸರ್ರ್... ಅಂತು. ಒದ್ದೆ ಬಟ್ಟೆ ಮೈಯಿಂದ ಕಿತ್ತ ಹಾಗೆ.

ಬಾಗಿಲು ತೆಗೆದ ಹೆಂಡತಿ ಅವನ ಬಲಗೈ ನೋಡಿ ಕಿರುಚಿದಳು. ಮಣಿಕಟ್ಟಿನ ಕೆಳಗೆ ಬರೀ ಮಾಂಸ. ಒಂದು ಹನಿ ರಕ್ತ ಇಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಒಂದೇ ಮಾತು. "ಈ ಕೈ ಎಷ್ಟು ದಿನ ನೀರಲ್ಲಿತ್ತು?" ಬೆಳಗಾಗೋದರೊಳಗೆ ಕತ್ತರಿಸಿ ತೆಗೆದರು.

ಬೆಳಿಗ್ಗೆ ಅವನ ಜಾಗದಲ್ಲಿ ಬಂದವನು ಕಾಗದ ನೋಡಿ, ಅಪ್ಪನನ್ನ ಒಳಗೆ ಕರೆದ. ಐಸ್ ಪೆಟ್ಟಿಗೆ ಎಳೆದರು. ಹುಡುಗಿಯ ಎರಡೂ ಕೈ ಚರ್ಮ ಸಮೇತ ಇಡಿಯಾಗಿದ್ದವು. ಅಪ್ಪ ಬಲಗೈ ಹಿಡಿದುಕೊಂಡ. ಬಹಳ ಹೊತ್ತು ಬಿಡಲೇ ಇಲ್ಲ. ಆಮೇಲೆ ಒಮ್ಮೆಲೇ ಕೂಗಿದ: "ಡಾಕ್ಟರನ್ನ ಕರೀರಿ! ಬದುಕಿದ್ದಾಳೆ ನನ್ನ ಮಗಳು!"

ಇಬ್ಬರು ಸೇರಿ ಅವನನ್ನ ಬಿಡಿಸಿ ಹೊರಗೆ ಎಳೆದುಕೊಂಡು ಹೋಗಬೇಕಾಯ್ತು.

ಸುಳ್ಳಲ್ಲ. ಆ ಇಬ್ಬರಲ್ಲಿ ಒಬ್ಬ ನನ್ನ ಸ್ವಂತ ಭಾವ. ವಾಪಸ್ ಹೋಗಿ ಮುಟ್ಟಿ ನೋಡಿದ್ದಾನೆ. ಮೈಯೆಲ್ಲ ಮಂಜುಗಡ್ಡೆ... ಬಲಗೈ ಮಾತ್ರ ಬಿಸಿ ಇತ್ತು.