ಬಿಡಿಸ್ಲಿಕತ್ತೇನಿ, ಕಾಕಾ

ದನಿ ಸಣ್ಣದು ಮಾಡ್ರಿ. ಗ್ವಾಡಿ ಆಚಿ ಸಪನಾ ಮಲಗ್ಯಾಳ, ಈ ಮಾತು ಅಕಿ ಕಿವಿಗಿ ಬೀಳಬಾರ್ದು. ಇದು ಅಕಿ ಗಂಡ ಕುಣಾಲನ ಸುದ್ದಿ. ನಮ್ಮ ಡಾಬಕಾ ಊರಾಗ ಅವ್ನಿಗಿ ಅರಿಯದವ್ರು ಯಾರದಾರ? ಪಿಕಪ್ ಗಾಡಿ ಹೊಡೀತಿದ್ದ, ಭಾಲ್ಕಿಗಿ ಮಾಲು ಹಾಕಿ ಬರ್ತಿದ್ದ. ಆಳು ಕೆಟ್ಟವ ಅಲ್ಲ. ಇದನ್ನ ಮೊದಲೇ ಹೇಳಿಬಿಡ್ತೇನಿ, ಆಮ್ಯಾಲ ಹೇಳಿದ್ರ ನೀವು ನಂಬಂಗಿಲ್ಲ.

ಆ ರಾತ್ರಿ ಭಾಲ್ಕಿಯಿಂದ ಖಾಲಿ ಗಾಡಿ ತಗೊಂಡು ಒಬ್ಬನೇ ಬರ್ಲಿಕತ್ತಿದ್ದ. ಅವ್ವ ಸುಭದ್ರಾಬಾಯಿದು ಫೋನ್ ಬಂತು. "ಸಪನಾಗ ಬ್ಯಾನಿ ಸುರು ಆಗ್ಯಾವೋ. ಜಲ್ದಿ ಬಾ, ದವಾಖಾನಿಗಿ ಒಯ್ಯಬೇಕು." ಚೊಚ್ಚಲ ಕೂಸು ಹಿಂಗೇ ಗಾಡಿ ಬರೋದ್ರೊಳಗ ಮನ್ಯಾಗ ಸತ್ತು ಹುಟ್ಟಿತ್ತು. ಈ ಸಲ ಹಂಗ ಆಗಗೊಡಂಗಿಲ್ಲ ಅಂತ ಸಪನಾಗ ಮಾತು ಕೊಟ್ಟಿದ್ದ. ಗಾಡಿ ಓಡಿಸ್ದ... ಓಡಿಸ್ದ...

ಸುಸ್ಸ್ಸ್...

ಬಾನೆಟಿನಿಂದ ಬುಸುಬುಸು ಹಬಿ ಎದ್ದಿತ್ತು. ಇಳದು ನೋಡಿದ್ರ ಕೂಲಂಟ್ ಡಬ್ಬಿ ಉದ್ದಕ್ಕ ಸೀಳಿತ್ತು. ಎಂಜಿನ್ ತಂಪ ಇಡ್ಲಿಕ್ಕ ಹಸರ ನೀರು ತುಂಬ್ತಾರಲ್ಲ, ಆ ಪ್ಲಾಸ್ಟಿಕ್ ಡಬ್ಬಿ. ಬೀದರದ ಮೈಲೂರಿನ ಗಾಡಿ ಮಿಸ್ತ್ರಿ ಕಲೀಮ ಎಷ್ಟು ಸಲ ಬಡ್ಕೊಂಡಿದ್ದ, "ಅರೇ ಭಾಯ್, ಡಬ್ಬಿ ಬದಲಿಸು, ಇದಕ್ಕ ಇನ್ನೆಷ್ಟು ತ್ಯಾಪಿ ಹಚ್ತಿ?" ಅಂತ. ಇಂವ ನಾಳಿ ನೋಡೋಣು, ನಾಡದ ನೋಡೋಣು ಅಂತ ಕಾಲ ತಳ್ಳಿದ್ದ. ಈಗ ಹತ್ತು ನಂಬರ್ ಪಾನಾ, ನಟ್ಟು ಬಿಚ್ಚೋ ಸ್ಪ್ಯಾನರ್, ತಗೊಂಡು ಬಿಚ್ಚಿ ನೋಡ್ದ. ಏನೂ ಆಗೋ ಹಂಗಿರಲಿಲ್ಲ. ಪಾನಾ ಕಿಸೆದಾಗ ಇಟ್ಟ, ಅರ್ಧ ತುಂಬಿದ ಕುಡಿಯೋ ನೀರಿನ ಬಾಟ್ಲಿ ಹಿಡ್ಕೊಂಡ, ಊರ ಕಡಿ ನಡ್ಕೋತ ಹೊಂಟ. ಯಾರರ ಗಾಡಿಯವ್ರು ಸಿಗ್ತಾರೇನಂತ.

ರಸ್ತಾದ ಮಗ್ಗಲಕ್ಕ ಆಲದ ಗಿಡ. ಬುಡಕ್ಕ ಹಾಳ ಬಾವಿ. ಹಗಲೊತ್ತಿನಾಗೂ ಅಲ್ಲಿ ಯಾರೂ ನಿಂತು ಬೀಡಿ ಸೇದಂಗಿಲ್ಲ. ಅಲ್ಲಿಗಿ ಬಂದಾಗ ಕೇಳಸ್ತು...

ಠಣ್... ಠಣ್...

ತಗಡಿಗಿ ಉಂಗುರ ಬಡದಂಗ. ಕುಣಾಲ ನಿಂತ. ಅದೂ ನಿಂತಿತು. ಹೆಜ್ಜಿ ಇಟ್ಟ... ಠಣ್.

ಬಾವಿ ಆಚಿ ತಗ್ಗಿನಾಗ ಒಂದು ಪಿಕಪ್ ಬಿದ್ದಿತ್ತು. ಇವನ ಗಾಡಿದೇ ಕಂಪನಿ, ಇವನ ಗಾಡಿದೇ ಮಾಡಲ್. ಬಾನೆಟ್ ಬಾಯಿ ತೆರದು ನಿಂತಿತ್ತು. ಒಳಗ ಒಬ್ಬ ಮುದುಕ. ಸ್ಟೇರಿಂಗ್ ಎದಿಗಿ ಒತ್ತಿ ಕೂತಿತ್ತು, ಕಾಲು ಎಲ್ಲೋ ಕೆಳಗ ಸಿಕ್ಕಿದ್ವು. ಒಂದೇ ಕೈ ಆಡ್ತಿತ್ತು. ಆ ಕೈಯಾಗಿನ ಉಂಗುರಲೇ ಬಾಗಲಾ ಬಡೀಲಿಕತ್ತಿದ್ದ.

"ನೀರ... ತಮ್ಮಾ... ನೀರ..."

ಕುಣಾಲ ಮೊಬೈಲ್ ಬೆಳಕು ಬಿಟ್ಟ. ಮುದುಕನ ಮಾರಿ ಮ್ಯಾಲಲ್ಲ. ಬಾನೆಟಿನೊಳಗ. ಎಲ್ಲಾ ನುಗ್ಗಾಗಿತ್ತು, ಕೂಲಂಟ್ ಡಬ್ಬಿ ಮಾತ್ರ ಗಟ್ಟಿ. ಹಸರ ನೀರು ಗೆರಿತನ ತುಂಬಿತ್ತು.

"ಗಾಯ ಆದಾಗ ನೀರು ಕುಡೀಬಾರ್ದ್ರಿ ಕಾಕಾ," ಅಂದ. ಬಾಟ್ಲಿ ಬೆನ್ನ ಹಿಂದ ಸರಿಸ್ದ. ಅದನ್ನೂ ಗಾಡಿಗೇ ಹಾಕಬೇಕಿತ್ತಲ್ಲ!

ಕಿಸೆದಾಗಿನ ಪಾನಾ ತಗದ. ಕಿರ್ರ್... ಕಿರ್ರ್...

ಮುದುಕ ಬಡಿಯೋದು ಬಿಟ್ಟ. ಕಿವಿಗೊಟ್ಟು ಕೇಳ್ದ. ಆಮ್ಯಾಲ ಪಿಸುದನಿಲೇ...

"ನನಗ ಬಿಡಿಸ್ಲಿಕತ್ತಿಯೇನಪ್ಪಾ?"

"ಹೂಂ ಕಾಕಾ. ಬಿಡಿಸ್ಲಿಕತ್ತೇನಿ."

ಏನ್ ನೋಡ್ತೀರಿ ನನ್ನ ಮಾರಿ? ಸುಳ್ಳು ಹೇಳಿದ್ನೇನು ಅಂವ? ಡಬ್ಬಿ ಬಿಡಿಸ್ಲಿಕತ್ತಿದ್ದ, ಖರೇನೇ ಹೇಳ್ದ. ಮುದುಕಗ ಎಷ್ಟು ಖುಷಿ ಆಯ್ತಂದ್ರ, "ನಿನ್ನ ಹೊಟ್ಟಿ ತಣ್ಣಗಿರಲಿ, ಮಗಾ," ಅಂದ. ಕುಣಾಲ ಪೈಪಿನ ಕ್ಲಿಪ್ ಜಗ್ಗಿದ, ತೂತಿಗಿ ಬೆರಳು ಕೊಟ್ಟ, ಒಂದು ಹನಿ ಚೆಲ್ಲಗೊಡಲಿಲ್ಲ. ಡಬ್ಬಿ ಕೂಸಿನಂಗ ಬಗಲಾಗ ಹಿಡ್ಕೊಂಡು ತಗ್ಗು ಏರ್ದ. ಏರುವಾಗ ರೂಢಿ ಮ್ಯಾಲ ಬಾಯಿಗಿ ಬಂತು: "ಹೋಗಿ ಬರ್ತೇನ್ರಿ ಕಾಕಾ."

ಹಿಂದ ಠಣ್ ಠಣ್ ಠಣ್ ಠಣ್... ಡಬ್ಬಿ ಕೂಡಿಸಿ ತನ್ನ ಗಾಡಿ ಸುರು ಆಗೋತನ ಕೇಳಿದ್ನಂತ.

ಒಂದು ಫೋನ್ ಹಚ್ಚಿದ್ರ ಸಾಕಿತ್ತು. ಆಂಬುಲೆನ್ಸ್ ಬರ್ತಿತ್ತು. ಪೊಲೀಸರು ಬರ್ತಾರ, ಡಬ್ಬಿ ಎಲ್ಲಿ ಅಂತಾರ, ನನ್ನ ನಿಂದರಸ್ತಾರ ಅಂತ ಹಚ್ಚಲಿಲ್ಲ. ಸಪನಾಗ ಔರಾದ ದವಾಖಾನಿಗಿ ಮುಟ್ಟಿಸ್ದ ಮ್ಯಾಲ ಹಚ್ತೇನಿ ಅಂದ್ಕೊಂಡ. ಅಲ್ಲಿ ಹೆಣ್ಣ ಕೂಸು ಹುಟ್ಟಿತು, ತಾಯಿ ಕೂಸು ಇಬ್ಬರೂ ಸುಖ. ಆಗ ಹಚ್ಚಿದ್ನೇನು? ಹಚ್ಚಲಿಲ್ಲ. ಪೇಢಾ ಹಂಚ್ದ. ಸುಭದ್ರಾಬಾಯಿ ಮಮ್ಮಗಳಿಗಿ ಕರುಣಾ ಅಂತ ಹೆಸರಿಟ್ಟಳು.

ಆವಾಗಿಂದ ಗಾಡಿ ನೀರು ಕುಡೀಲಿಕ್ಕ ಹತ್ತಿತು. ಮಿಸ್ತ್ರಿ ಮಂದಿ ಅಂತಾರಲ್ಲ ಹಂಗ. ರಾತ್ರಿ ಡಬ್ಬಿ ತುಂಬಿಟ್ರ ಮುಂಜಾನಿ ಒಣಾ ಒಣಾ. ಕೆಳಗ ಒಂದು ಹನಿ ಇಲ್ಲ. ಗಾಡಿ ನಿಂತಲ್ಲಿಂದ ನಡುರಾತ್ರಿ ಗುಟುಕ್... ಗುಟುಕ್... ಅಂತ ಕೇಳಸ್ತಿತ್ತು.

ಮೈಲೂರಿಗಿ ಒಯ್ದ. ಕಲೀಮ ಎಂಜಿನ್ ಎಲ್ಲಾ ತಡಕಾಡ್ದ. "ಎಲ್ಲಾ ಬರಾಬರ್ ಅದ ಭಾಯ್. ಡಬ್ಬಿ ಬದಲಿಸಿ ನೋಡಾಮು. ಇದೆಲ್ಲಿಂದು?"

"ಗುಜರಿ ಅಂಗಡ್ಯಾಗ ತಗೊಂಡೆ."

"ಹುಷಾರ್. ಬಗದಲ್ ಊರ ಮಡೆಪ್ಪ ಅಂತ ಡ್ರೈವರ್, ಆಲದ ಗಿಡದ ತಗ್ಗಿನಾಗ ಬಿದ್ದು ಸತ್ತ. ಬೆಳಗಾಗೋತನ ಜೀವ ಇತ್ತಂತ, ಬಡದು ಬಡದು ಬಾಗಲಾ ತಗ್ಗು ಬಿದ್ದಿತ್ತು. ಯಾವನೋ ಹರಾಮಿ ಅವನ ಗಾಡಿ ಡಬ್ಬಿ ಬಿಚ್ಚಿಕೊಂಡು ಹೋಗ್ಯಾನ. ಅಂಥವಗ ಸಾಯೋ ಹೊತ್ತಿಗಿ ಬಾಯಾಗ ಹನಿ ನೀರು ಬೀಳಬಾರ್ದು, ಯಾ ಅಲ್ಲಾ!"

ಕುಣಾಲ ಏನಂತಾನ? ಹೌದಂದ. ತಲಿ ಅಲ್ಲಾಡಿಸ್ದ.

ಕಲೀಮ ಬಾನೆಟಿನೊಳಗ ಬಗ್ಗಿದ. ಕಿರ್ರ್... ಕಿರ್ರ್... ಅಷ್ಟೊತ್ತಿಗಿ ಒಳಗಿಂದ ಪಿಸುದನಿ.

"ಬಿಡಿಸ್ಲಿಕತ್ತಿಯೇನಪ್ಪಾ?"

ಕುಣಾಲ ಬಾಯಿ ತೆರೆಯೋದ್ರಾಗ ಕಲೀಮ ಬಗ್ಗಿದಲ್ಲಿಂದಲೇ ಅಂದ, "ಹೂಂ, ಬಿಡಿಸ್ಲಿಕತ್ತೇನಿ ತಡೀ... ಬಂತು! ಬಿಡ್ತು ನೋಡು." ಡಬ್ಬಿ ಎತ್ತಿ ಹೊರಗ ಇಟ್ಟ. "ಎಷ್ಟು ಗಡಬಡಿ ಮಾಡ್ತಿ ನೀ?"

"ನಾ ಕೇಳಲಿಲ್ಲ, ಕಲೀಮ."

"ಮತ್ತ ಯಾರು ಕೇಳಿದ್ರು?"

ಹೊಸ ಡಬ್ಬಿ ಹಾಕಿದ ಮ್ಯಾಲ ಗಾಡಿ ನೀರು ಕುಡಿಯೋದು ಬಿಟ್ಟಿತು. ಒಂದು ಹನಿ ಕೆಳಗ ಇಳೀಲಿಲ್ಲ. ಮನಿ ಕುಡೀಲಿಕ್ಕ ಹತ್ತಿತು! ಸಂಜಿಗಿ ತುಂಬಿದ ಕೊಡ ಮುಂಜಾನಿ ಖಾಲಿ. ಹಂಡೇ ಖಾಲಿ. ಒಂದು ಮುಂಜಾನಿ ಸಪನಾ ಎದ್ದು ನೋಡ್ತಾಳ, ಎದಿ ಹಾಲು ಬತ್ಯಾವ. ಕೂಸು ಮೊಲಿಗಿ ಬಾಯಿ ಹಚ್ಚಿ, ಹಾಲು ಸಿಗದ, ಕಿರಚ್ತು. ಪುಡಿ ಹಾಲು ಹಾಕಿದ್ರ ಬಟ್ಟಲು ಬಾಯಿಗಿ ಹೋಗೋದ್ರೊಳಗ ಖಾಲಿ. ಅತ್ತು ಅತ್ತು ಕೂಸಿನ ದನಿ ಬಿತ್ತು. ಕಣ್ಣೀರು ಸೈತ ಬರಲಿಲ್ಲ.

ಸುಭದ್ರಾಬಾಯಿ ಮಗನ ರಟ್ಟಿ ಹಿಡದಳು. "ನಾವು ಬುದ್ಧ ವಿಹಾರಕ್ಕ ಹೋಗೋ ಮಂದಿ, ದೆವ್ವ ಗಿವ್ವ ನಂಬಂಗಿಲ್ಲ. ಖರೆ ಹೇಳು. ಯಾರಿಗರ ನೀರಿಲ್ಲ ಅಂದಿಯೇನೋ?"

"ಇಲ್ಲವ್ವ," ಅಂದ. ಕೂಸು ಅವಳ ತೊಡಿ ಮ್ಯಾಲ ಬಾಯಿ ತೆಗದು ಮುಚ್ಚಿ ಮಾಡ್ಲಿಕತ್ತಿತ್ತು, ದನಿ ಇಲ್ಲದ. ಅದು ನೋಡಿ ಅವನಿಗಿ ತಡೀಲಿಲ್ಲ. ಬಾಜೂ ಮನಿಂದ, ಅಂದ್ರ ನಮ್ಮ ಮನಿಂದ, ತಂಬಗಿ ತುಂಬ ನೀರು ಇಸ್ಕೊಂಡ. ನಾನೇ ಕೊಟ್ಟೇನಿ, ಈ ಕೈಲೇ. ಅವತ್ತು ರಾತ್ರಿನೇ ಆಲದ ಗಿಡಕ್ಕ ಹೋದ.

ತಗ್ಗಿನಾಗ ಗಾಡಿ ಇರಲಿಲ್ಲ. ಕ್ರೇನ್ ಎಳ್ಕೊಂಡು ಹೋಗಿತ್ತಲ್ಲ. ಗಾಜಿನ ಚೂರು ಅಷ್ಟೇ.

"ಕಾಕಾ... ಬರ್ತೇನಿ ಅಂದಿದ್ದೆ. ಬಂದೇನಿ. ಕುಡೀರಿ. ಕೂಸಿಗಿ ಬಿಡ್ರಿ."

ಏನಿಲ್ಲ... ಗಾಳಿ ಸೈತ ಇಲ್ಲ... ಆಮ್ಯಾಲ ಕೈಯಾಗಿನ ತಂಬಗಿ ಹಗುರ ಆಗ್ಲಿಕ್ಕ ಹತ್ತಿತು. ಗುಟುಕ್... ಗುಟುಕ್... ತಳ ಕಂಡಿತು.

"ಹೊಟ್ಟಿ ತಣ್ಣಗಾಯ್ತು, ಮಗಾ. ಕೂಸಿನ ಗೊಡವಿ ನನಗ್ಯಾಕ? ತಡಿ, ಈಗ ನಾ ಬಿಡಿಸ್ತೇನಿ."

"ಏನ... ಏನು ಬಿಡಿಸ್ತೀರಿ ಕಾಕಾ?"

ಕಿರ್ರ್... ಕಿರ್ರ್...

ಅವನ ಗಂಟಲ ಕೆಳಗ.

ನಸುಕಿನಾಗ ಕುಣಾಲ ಮನಿಗಿ ಬಂದಾಗ ಸಪನಾನ ಸೀರಿ ಹಾಲಿಲೇ ತೊಯ್ದಿತ್ತು. ಕೂಸು ಚಪ್ಪರಿಸಿ ಉಣ್ಲಿಕತ್ತಿತ್ತು. ಅಂವ ನೋಡಿ ನಕ್ಕನಂತ. ಆಮ್ಯಾಲ ನೀರು ಬೇಡ್ದ. ಸಪನಾ ಕೊಟ್ಟಳು. ಬಾಯಿಗಿ ಹಾಕಿದ ನೀರು ಹಾಕಿದಂಗೇ ಕಟವಾಯಿಲೆ ಹೊರಗ ಬಂತು. ಮತ್ತ ಹಾಕಿದ್ರ ಮತ್ತ ಹೊರಗ. ಬೀದರಕ್ಕ ಒಯ್ದರು. ಡಾಕ್ಟರು ಗಂಟಲಾಗ ಕ್ಯಾಮರಾ ಬಿಟ್ಟು ನೋಡಿ, ದಾರಿ ಸಾಫ್ ಅದ ಅಂದರು. ಸಲಾಯಿನ್ ಹಚ್ಚಿದ್ರ ಸೂಜಿ ಬಾಯಿಂದ ಹಾಸಿಗಿ ತೊಯ್ತಿತ್ತು, ಒಳಗ ಹೋಗ್ತಿದ್ದಿಲ್ಲ. ತುಟಿ ಸೀಳಿ, ನಾಲಿಗಿ ಕಟಗಿ ಆಗಿ, "ನೀರ... ಅವ್ವಾ... ನೀರ..." ಅನಕೋತ ಸತ್ತ. ಸಾಯೋಕ್ಕಿಂತ ಮೊದಲು ಅವ್ವನ ಕಿವ್ಯಾಗ ಉಸಿರಿಲೇ ಎಲ್ಲಾ ಹೇಳ್ದ. ಸುಭದ್ರಾಬಾಯಿ ನನಗ ಹೇಳ್ಯಾಳ. ಹಡದ ತಾಯಿ ಸತ್ತ ಮಗನ ಮ್ಯಾಲ ಸುಳ್ಳು ಕಟ್ತಾಳೇನ್ರಿ?

ಹೆಣಕ್ಕ ನೀರು ಹಾಕುವಾಗ ನಾನೂ ಇದ್ದೆ, ಮೈಲೂರಿಂದ ಕಲೀಮನೂ ಬಂದಿದ್ದ. ಕುಣಾಲನ ಗಂಟಲ ಕೆಳಗ ಎರಡು ಗುರುತು ಇದ್ದವು. ಗಾಯ ಅಲ್ಲ, ರಕ್ತ ಇಲ್ಲ. ಆರು ಮೂಲಿ, ನಟ್ಟು ಒತ್ತಿ ಮೂಡಿಸಿದಂಗ. ಕಲೀಮ ಬಗ್ಗಿ ನೋಡ್ದ, ಹಿಂದ ಸರದ. "ಹತ್ತು ನಂಬರ್," ಅಂದ, ಅಷ್ಟೇ.

ಸುಳ್ಳಂತೀರಿ? ಮೈಲೂರಿಗಿ ಹೋಗ್ರಿ. ಕಲೀಮಗ ಏನೂ ಕೇಳಬ್ಯಾಡ್ರಿ, ಪೆಟ್ಟಿಗಿ ತೆಗದು ನೋಡ್ರಿ. ಎಂಟು ನಂಬರ್ ಪಾನಾ ಅದ, ಹನ್ನೆರಡು ಅದ. ಹತ್ತು ಇಟ್ಟಿಲ್ಲ ಅಂವ.