ಕೊಳೆಯದ ಶೀಟು

...ಇಲ್ಲ ಮೇಡಮ್, ಬಗ್ಗಿ ಸರಿಯಾಗಿ ನೋಡಿ! ತೊಂಬತ್ತು ದಿನ ಮಣ್ಣಿನೊಳಗೆ ಇದ್ದ ಶೀಟು ಇದು. ಒಂದು ಚೂರಾದ್ರೂ ಕೊಳೆತದ್ದುಂಟಾ? ಇಲ್ಲ! ನನ್ನ ಮಗಳು ಜೆಸ್ನಾ ಬಸ್ಸಿಳಿದು ಬರುವ ಮೊದಲೇ ಅವಳ ಪಿಎಚ್‌ಡಿ ಗೈಡು ನಿಮಗೆ ತೋರಿಸಿಬಿಡುವಾ ಅಂತ ನಾನೇ ಅಗೆದು ತೆಗೆದದ್ದು. ಕಡಬದ ಈ ಚಾಕೋ ಎಸ್ಸೆಸ್ಸೆಲ್ಸಿಗೆ ಮೂರು ಸಲ ಕೂತವ, ಮೂರು ಸಲವೂ ಢುಂ! ಅವನ ಮಗಳು ಇನ್ನೇನು ಡಾಕ್ಟರು! ಸೂಜಿ ಚುಚ್ಚುವ ಡಾಕ್ಟರಲ್ಲ, ಪ್ಲಾಸ್ಟಿಕ್ಕಿನ ಡಾಕ್ಟರು!

ಯಾಕೆ ನಗ್ತೀರಿ?

ನನಗೆ ಎಲ್ಲ ಗೊತ್ತುಂಟು, ಅವಳೇ ಹೇಳಿದ್ದು. ಮರಗೆಣಸಿನ ಹಿಟ್ಟಿನ ಪ್ಲಾಸ್ಟಿಕ್ಕಿಗೆ ಇನ್ನೊಂದು ಜಾತಿಯ ಪ್ಲಾಸ್ಟಿಕ್ ಬೆರೆಸುದು. ಎರಡಕ್ಕೂ ಆಗಿಬರುದಿಲ್ಲ, ಅತ್ತೆ ಸೊಸೆಯ ಹಾಗೆ. ನಡುವೆ ನ್ಯಾನೋ ಹುಡಿ ಹಾಕಿದ್ರೆ... ಮಣ್ಣೇ ಅದು, ಆದ್ರೆ ಕಣ್ಣಿಗೆ ಕಾಣದಷ್ಟು ನಯ... ಒಳಗಿನ ಹೆಣಿಗೆ ಗಟ್ಟಿ. ಹೆಚ್ಚು ಸುರಿದ್ರೆ ಹುಡಿಯೇ ಗಂಟು ಗಂಟು ಕಟ್ಟಿ ಹಾಳು. ಅದಕ್ಕೇ ಅವಳು ನಮ್ಮ ತೋಟದಲ್ಲಿ ನಾಲ್ಕು ಶೀಟು ಹೂತು, ಗುರುತಿಗೆ ನಾಲ್ಕು ಕೋಲು ನೆಟ್ಟದ್ದು. ಹುಡಿ ಸೊನ್ನೆ, ಒಂದು, ಮೂರು, ಐದು ಪರ್ಸೆಂಟ್. ನಾಲ್ಕೂ ಗಟ್ಟಿ ಮೇಡಮ್! ಫಸ್ಟ್ ಕ್ಲಾಸ್!

ಎಂತ, ಕೈಗೆ ಅಂಟುತ್ತದಾ? ಅದು... ಡಾಂಬರು. ಮಳೆಗಾಲದಲ್ಲಿ ರಬ್ಬರ್ ಮರದ ಗಾಯಕ್ಕೆ ನೀರು ಇಳಿಯದ ಹಾಗೆ ರೈನ್‌ಗಾರ್ಡ್ ಪ್ಲಾಸ್ಟಿಕ್ ಕಟ್ಟುವಾಗ ಹಚ್ಚುತ್ತೇವಲ್ಲ, ಅದೇ... ಅಲ್ಲ ಅಲ್ಲ, ಅದಲ್ಲ! ಇದು ಮಣ್ಣಿಂದಲೇ ಬಂದದ್ದು. ನಮ್ಮ ರೋಡಲ್ಲಿ ಡಾಂಬರು ಉಂಟಾ? ಇಲ್ಲ! ಮತ್ತೆ ಎಲ್ಲಿಗೆ ಹೋಯ್ತು? ಕೆಳಗೆ ಇಳಿದದ್ದು!

ಸ್ಟೇಪ್ಲರ್ ಪಿನ್ನಾ? ಎಲ್ಲಿ? ...ಎರೆಹುಳದ ಹಲ್ಲು ಇರಬಹುದು.

ನಗುದು ಯಾಕೆ ನಿಲ್ಲಿಸಿದ್ರಿ?

ಎಂತ? ...ಕೊಳೀಬೇಕಿತ್ತಾ? ಕೊಳೆತರೇ ಪಾಸಾ? ಇದೆಂತ ಪರೀಕ್ಷೆ ಮಾರಾಯ್ರೆ! ಗಟ್ಟಿ ಗಟ್ಟಿ ಅಂತ ಅವಳು ಬಾಯಿಬಡ್ಕೊಂಡದ್ದು ಮತ್ತೆಂತಕ್ಕೆ? ...ಹೋ. ಬಳಸುವಾಗ ಗಟ್ಟಿ, ಹೂತ ಮೇಲೆ ಮಣ್ಣು. ನಮ್ಮ ನಿಮ್ಮ ಹಾಗೇ. ಅಷ್ಟು ಸಣ್ಣ ವಿಷಯ ಈ ತಲೆಗೆ ಹೋಗಲಿಲ್ಲವಲ್ಲ ಕರ್ತಾವೇ!

ಹಾಗಾದ್ರೆ ಅವಳ ನಾಲ್ಕು ವರ್ಷ... ನೀರಲ್ಲಿ ಹೋಮವಾ?

ಚಹಾ ಆರ್ತದೆ, ಕುಡೀರಿ. ಕುಡೀರಿ ಮೇಡಮ್. ...ಹಾಗೆ ನೋಡ್ಬೇಡಿ. ಬೈಯುದಾದ್ರೆ ಬೈದುಬಿಡಿ.

ಕೊಳೆತಿತ್ತು! ಆಯ್ತಾ? ಚೆಂದ ಕೊಳೆತಿತ್ತು! ಮುಟ್ಟಬೇಡಿ ಅಂದಿದ್ಲು, ನಾನು ದಿನಾ ಅಗೆದು ನೋಡ್ತಿದ್ದೆ. ಅರುವತ್ತನೇ ದಿನ ಸೊನ್ನೆಯದ್ದು ತೂತು ತೂತು. ಮೂರರದ್ದು ಹಪ್ಪಳದ ಹಾಗೆ ಕೈಯಲ್ಲೇ ಪುಡಿ. ನನ್ನ ಹಾಗೆ ಅವಳೂ ಫೇಲಾಗ್ತಾಳೆ ಅಂತ ಹೆದರಿ ನಾಲ್ಕನ್ನೂ ಒಲೆಗೆ ಹಾಕಿದೆ. ಮರದ ರೈನ್‌ಗಾರ್ಡ್ ಕತ್ತರಿಸಿ ಹೂತಿಟ್ಟೆ... ಆ ಪಿನ್ನೂ ಅದರದ್ದೇ.

ಗೇಟು ಕಿರ್ ಅಂತು. ಬಂದ್ಲು. ನೋಡಿ, ಓಡಿಕೊಂಡೇ ಬರ್ತಾಳೆ.

ನೀವು ಹೇಳ್ತೀರಾ ಮೇಡಮ್? ಒಂದೇ ಮಾತು? ...ಇಲ್ಲ. ಹಾಂ. ನಾನೇ ಹೇಳ್ಬೇಕು, ಅದು ನ್ಯಾಯ.

ಮೋಳೇ... ಜೆಸ್ನಾ, ಬಾ, ಬಾ. ಇಲ್ಲ, ಇನ್ನೂ ಎಂತದೂ ನೋಡಲಿಲ್ಲ ಅವರು. ನೀನು ಮೊದಲು ಊಟ ಮಾಡು.